ಅಂಟಾರ್ಕ್ಟಿಕಾದಲ್ಲಿ ಸಬ್‌ಮರೀನಾ, ಜೋಡಿಯಾಕಾ? ಎರಡನ್ನೂ ಹತ್ತಿ ಬಂದವಳ ಮಾತು

ಅಂಟಾರ್ಕ್ಟಿಕಾಗೆ ಹೊರಟವರು "ಸಬ್‌ಮರೀನ್ ಸವಾರಿಗೆ ದುಡ್ಡು ಕಟ್ಟಬಹುದಾ?" ಅಂತ ಕೇಳಿದರೆ, ಮೊದಲ ಸಲವಾದರೆ ಬೇಡ ಅನ್ನುತ್ತೇನೆ. ಹಡಗಿನ ಟಿಕೆಟ್ಟಿನಲ್ಲೇ ಜೋಡಿಯಾಕ್ ಸೇರಿರುತ್ತದೆ. ಗಾಳಿ ತುಂಬಿದ ರಬ್ಬರ್ ದೋಣಿ, ಹಿಂದೊಂದು ಮೋಟರ್, ಅಷ್ಟೇ. ನನಗೆ ಆ ಇಡೀ ಪ್ರವಾಸ ಸಿಕ್ಕಿದ್ದು ಅದರಲ್ಲೇ. ಅಕ್ಕನನ್ನು ಕೇಳಿದರೆ ತದ್ವಿರುದ್ಧ ಹೇಳುತ್ತಾಳೆ. ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವಳು. ಫಾರ್ಮಲಿನ್ ಬಾಟಲಿಯಲ್ಲಿಟ್ಟು ಮಕ್ಕಳಿಗೆ ತೋರಿಸಿದ ಜೀವಿಗಳನ್ನು ಒಮ್ಮೆ ಜೀವಂತವಾಗಿ ನೋಡಬೇಕು ಅಂತಲೇ ಬಂದಿದ್ದಳು.

ಜನವರಿಯಲ್ಲಿ ಅರ್ಜೆಂಟೀನಾದ ಉಶುವಾಯಾದಿಂದ ಹೊರಟೆವು. ಎಲ್ಲ ಹಡಗುಗಳಲ್ಲೂ ಸಬ್‌ಮರೀನ್ (ಅಲ್ಲಿ ಎಲ್ಲರೂ 'ಸಬ್' ಅನ್ನುತ್ತಾರೆ) ಇರುವುದಿಲ್ಲ, ನಮ್ಮದರಲ್ಲಿತ್ತು. ಪೈಲಟ್ ಬಿಟ್ಟು ಆರು ಜನ ಕೂರಬಹುದು. ಒಬ್ಬರಿಗೆ ಕೇಳಿದ ಚಾರ್ಜು ಬೆಂಗಳೂರಿನಿಂದ ಅಲ್ಲಿಗೆ ಹೋಗುವ ವಿಮಾನದ ಟಿಕೆಟ್ಟಿನ ಅರ್ಧದಷ್ಟು. ನಿವೃತ್ತಿಯ ದುಡ್ಡಿನಲ್ಲಿ ಹೊರಟವರಿಗೆ ಅದು ಸಣ್ಣ ಮೊತ್ತವಲ್ಲ.

ದುಡ್ಡಿಗಿಂತ ಹೆಚ್ಚು ನೋಯಿಸಿದ್ದು ಸ್ಲಾಟಿನ ವಿಷಯ. ಇದನ್ನು ಬುಕ್ ಮಾಡುವಾಗ ಯಾರೂ ಹೇಳಲಿಲ್ಲ, ಅದಕ್ಕೇ ವಿವರವಾಗಿ ಬರೆಯುತ್ತೇನೆ.

ಅಲ್ಲಿ ಒಂದು ಜಾಗದಲ್ಲಿ ಒಮ್ಮೆಗೆ ನೂರಕ್ಕಿಂತ ಹೆಚ್ಚು ಪ್ರವಾಸಿಗರು ದಡಕ್ಕಿಳಿಯುವಂತಿಲ್ಲ. ಹಾಗಾಗಿ ಹಡಗಿನವರು ಗುಂಪು ಮಾಡಿ, ಸರದಿಯ ಮೇಲೆ ಇಳಿಸುತ್ತಾರೆ. ನಮ್ಮ ಗುಂಪಿಗೆ ಕವರ್‌ವಿಲ್ ದ್ವೀಪದಲ್ಲಿ ಇಳಿಯುವ ಸರದಿ ಬೆಳಿಗ್ಗೆ ಇತ್ತು. ಜೆಂಟೂ ಪೆಂಗ್ವಿನ್‌ಗಳ ದೊಡ್ಡ ಬೀಡು ಅದು, ಜನವರಿ ಅಂದರೆ ಮರಿಗಳ ಕಾಲ. ಸಬ್‌ನ ಸ್ಲಾಟನ್ನೂ ಅದೇ ಹೊತ್ತಿಗೆ ಕೊಟ್ಟರು. ಸಬ್ ಪಟ್ಟಿಯಲ್ಲಿ ಹೆಸರು ಬಂದ ಕೂಡಲೇ ದಡಕ್ಕೆ ಹೋಗುವವರ ಪಟ್ಟಿಯಿಂದ ನಮ್ಮ ಹೆಸರು ತೆಗೆದರು.

ನಮ್ಮ ತೂಕ ನೋಡಿದರು. ಯಾರು ಯಾವ ಕಡೆ ಕೂರಬೇಕು ಎನ್ನುವುದು ಅದರ ಮೇಲೆ ಹೋಗುತ್ತದೆ. ಲೈಫ್ ಜಾಕೆಟ್ ಹಾಕಿಕೊಂಡು ಲೌಂಜಿನಲ್ಲಿ ಕೂತೆವು. ಒಂದು ಗಂಟೆ ಆಯಿತು, ಒಂದೂವರೆ ಆಯಿತು. ಕಿಟಕಿಯಾಚೆ ದ್ವೀಪ, ಅದರ ಮೇಲೆ ಕಪ್ಪು ಚುಕ್ಕೆಗಳ ಹಾಗೆ ಪೆಂಗ್ವಿನ್‌ಗಳು. ಆಮೇಲೆ ಬಂದು ಹೇಳಿದರು: ಹಿಮದ ತುಂಡುಗಳು ತೇಲಿಕೊಂಡು ಬರುತ್ತಿವೆ, ಮೇಲೇಳುವಾಗ ಅಡ್ಡ ಬಂದರೆ ಅಪಾಯ, ಇವತ್ತು ಇಳಿಸುವುದಿಲ್ಲ. ಅವರ ತೀರ್ಮಾನ ಸರಿಯೇ. ಆದರೆ ಅಷ್ಟರಲ್ಲಿ ನಮ್ಮ ಗುಂಪಿನವರು ದ್ವೀಪದಿಂದ ವಾಪಸ್ ಬಂದು, ಬೂಟಿಗೆ ಮೆತ್ತಿದ ಗುಲಾಬಿ ಬಣ್ಣದ ಪೆಂಗ್ವಿನ್ ಹಿಕ್ಕೆಯನ್ನು ಬ್ರಷ್ಷಿನಿಂದ ಉಜ್ಜಿ ತೊಳೆಯುತ್ತಿದ್ದರು. ಬೇರೆ ಗುಂಪಿನ ಜೊತೆ ಕಳಿಸಿ ಅಂತ ಕೇಳಿದೆ. ಲೆಕ್ಕ ಭರ್ತಿ, ಆಗಲ್ಲ ಅಂದರು. ಎರಡನೆಯ ಸಲ ಗಾಳಿ ಜೋರಾಗಿ ರದ್ದಾಯಿತು. ರದ್ದಾದರೆ ದುಡ್ಡು ವಾಪಸ್ ಕೊಡುತ್ತಾರೆ, ನಿಜ. ಕವರ್‌ವಿಲ್‌ನ ಬೆಳಗನ್ನು ಯಾರು ವಾಪಸ್ ಕೊಡುತ್ತಾರೆ? ಆ ಬೇಸರ ನನಗೆ ಇನ್ನೂ ಹೋಗಿಲ್ಲ.

ಮೂರನೆಯ ಸಲ, ನೀಕೋ ಹಾರ್ಬರ್‌ನಲ್ಲಿ, ಇಳಿದೆವು. ಜೋಡಿಯಾಕ್‌ನಿಂದ ಸಬ್‌ನ ಬೆನ್ನ ಮೇಲೆ ಕಾಲಿಟ್ಟು, ಕಿರಿದಾದ ಏಣಿಯಲ್ಲಿ ಹಿಮ್ಮುಖವಾಗಿ ಇಳಿಯಬೇಕು. ಮಂಡಿ ನೋವಿದ್ದವರು ಇದನ್ನು ಮೊದಲೇ ಯೋಚಿಸಿ. ನೀರಿನ ಮೇಲಿರುವಷ್ಟು ಹೊತ್ತು ಹೊಟ್ಟೆ ತೊಳೆಸುವ ಹಾಗೆ ಓಲಾಡುತ್ತದೆ. ಮುಳುಗಿದ ಮೇಲೆ ಅಲುಗಾಟವೇ ಇಲ್ಲ. ಒಳಗಿನ ಒತ್ತಡ ನೆಲದ ಮೇಲಿದ್ದಷ್ಟೇ ಇರುವುದರಿಂದ ಕಿವಿ ಕಟ್ಟುವುದೂ ಇಲ್ಲ.

ಮೊದಲ ಕೆಲವು ನಿಮಿಷ ಕಂಡದ್ದು ಬರೀ ಹಸಿರು, ಪಾಚಿಗಟ್ಟಿದ ಕಲ್ಯಾಣಿಯ ನೀರಿನ ಹಸಿರು. ಅಲ್ಲಿನ ಬೇಸಿಗೆಯಲ್ಲಿ ಬಿಸಿಲು ಬಿದ್ದು ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆದು ನೀರು ಮಬ್ಬಾಗುತ್ತದೆ. ತಿಳಿನೀರು ಬೇಕೆಂದರೆ ನವೆಂಬರ್‌ನಲ್ಲಿ ಹೋಗಬೇಕಿತ್ತು. ತಳ ಹತ್ತಿರವಾಗಿ ದೀಪ ಹಾಕಿದಾಗ ಅಕ್ಕ ನನ್ನ ಕೈ ಹಿಡಿದುಕೊಂಡಳು. "ನೋಡೇ, ಆ ಕಲ್ಲು ನೋಡು." ಬೂದು ಬಣ್ಣದ ಕೆಸರಿನ ಮೇಲೆ ಕುಕ್ಕರಿನಷ್ಟು ದೊಡ್ಡದೊಂದು ಒಂಟಿ ಕಲ್ಲು. ತೇಲುವ ಹಿಮಬಂಡೆ ಎಲ್ಲಿಂದಲೋ ಹೊತ್ತು ತಂದು, ಕರಗುವಾಗ ಕೆಳಗೆ ಬೀಳಿಸಿದ್ದು. ಅದರ ಮೈತುಂಬ ಹಳದಿ ಸ್ಪಂಜು, ಗಾಜಿನ ಲೋಟದಂಥ ಸೀ ಸ್ಕ್ವರ್ಟ್ ಎಂಬ ಚೀಲದಾಕಾರದ ಜೀವಿಗಳು, ತುದಿಯಲ್ಲಿ ಹಾವಿನ ಹಾಗೆ ತೋಳು ಆಡಿಸುವ ನಕ್ಷತ್ರಮೀನು. ಸುತ್ತ ಬರೀ ಕೆಸರು, ಆ ಒಂದು ಕಲ್ಲಿನ ಮೇಲೆ ಊರಿಗೆ ಊರೇ ಇತ್ತು. ಸ್ವಲ್ಪ ಮುಂದೆ ಐಸ್‌ಫಿಶ್ ಎಂಬ ಮೀನೊಂದು ತಳಕ್ಕೆ ಹೊಟ್ಟೆಯಾನಿಸಿ ಕೂತಿತ್ತು. "ಇದರ ರಕ್ತ ಕೆಂಪಗಿಲ್ಲ ಕಣೇ, ಹಿಮೋಗ್ಲೋಬಿನ್ನೇ ಇಲ್ಲ. ಇಷ್ಟು ತಣ್ಣನೆಯ ನೀರಲ್ಲಿ ಆಮ್ಲಜನಕ ಧಾರಾಳ ಕರಗಿರುತ್ತೆ, ಅದಿಲ್ಲದೆಯೇ ಬದುಕುತ್ತೆ" ಅಂದಳು. ಹೇಳುವಾಗ ಅವಳ ಗಂಟಲು ಕಟ್ಟಿತ್ತು.

ಅವಳಿಗೆ ಅದು ಜೀವಮಾನದ ನಲವತ್ತು ನಿಮಿಷ. ಅವಳು ಪಕ್ಕದಲ್ಲಿ ಇಲ್ಲದಿದ್ದರೆ ನನಗೆ ಅರ್ಧಕ್ಕರ್ಧ ಅರ್ಥವೇ ಆಗುತ್ತಿರಲಿಲ್ಲ. ಇನ್ನೊಂದು ಮಾತೆಂದರೆ, ನಾನು ಕಿವಿಯಿಂದ ಊರು ನೋಡುವವಳು. ನಸುಕಿಗೆ ಎದ್ದು ಹಿತ್ತಲಿನ ಹಕ್ಕಿಗಳನ್ನು ಕೇಳದಿದ್ದರೆ ನನಗೆ ದಿನ ಶುರುವಾಗುವುದಿಲ್ಲ. ಸಬ್‌ನೊಳಗೆ ಕೇಳಿದ್ದು ಫ್ಯಾನಿನ ಗುಂಯ್ ಮತ್ತು ಪೈಲಟ್‌ನ ರೇಡಿಯೋ ಮಾತ್ರ.

ಪ್ಯಾರಡೈಸ್ ಬೇಯಲ್ಲಿ ಜೋಡಿಯಾಕ್ ನಡೆಸುತ್ತಿದ್ದ ಹುಡುಗಿ ಮೋಟರ್ ನಿಲ್ಲಿಸಿ, ಯಾರೂ ಮಾತಾಡಬೇಡಿ ಅಂತ ಸನ್ನೆ ಮಾಡಿದಳು. ಸುತ್ತಲಿನ ನೀರಿನಿಂದ ಚಟಪಟ, ಚಟಪಟ. ಒಗ್ಗರಣೆಗೆ ಸಾಸಿವೆ ಸಿಡಿಯುವಾಗ ಬರುತ್ತದಲ್ಲ, ಅದೇ ಸದ್ದು. ತೇಲುವ ಹಿಮ ಕರಗುವಾಗ, ಎಷ್ಟೋ ಕಾಲದ ಹಿಂದೆ ಹಿಮ ಬಿದ್ದಾಗ ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು ಒಡೆದು ಹೊರಬರುತ್ತವೆ. ಹತ್ತು ಜನ ಉಸಿರು ಬಿಗಿಹಿಡಿದು ಕೂತಿದ್ದೆವು. ಬೆನ್ನ ಹಿಂದೆ ಹಂಪ್‌ಬ್ಯಾಕ್ ತಿಮಿಂಗಿಲ ಎದ್ದು ಬುಸ್ ಅಂತ ಉಸಿರು ಬಿಟ್ಟಿತು. ಕೊಳೆತ ಮೀನಿನ ವಾಸನೆಯ ತುಂತುರು ನಮ್ಮ ಮುಖಕ್ಕೇ ಬಿತ್ತು. ಚಳಿಗೆ ಬೆರಳು ಮರಗಟ್ಟಿದ್ದವು, ಪ್ಯಾಂಟು ಒದ್ದೆ. ಆದರೂ ಏಳಲು ಮನಸ್ಸಿರಲಿಲ್ಲ. ಇದಕ್ಕೆ ನಾನು ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಟ್ಟಿರಲಿಲ್ಲ.



ಸುರಕ್ಷತೆಯ ಬಗ್ಗೆ ಮಗ ಮೂರು ಸಲ ಫೋನ್ ಮಾಡಿದ್ದ. 2023ರ ಜೂನ್‌ನಲ್ಲಿ ಮುಳುಗಿದ ಟೈಟಾನಿಕ್ ನೋಡಲು ಹೋದ ಟೈಟನ್ ಎಂಬ ಸಬ್ ಒಡೆದು ಐವರು ಸತ್ತದ್ದು ಅವನ ತಲೆಯಲ್ಲಿತ್ತು. ಅದು ಹೊರಟಿದ್ದು ಸುಮಾರು 3,800 ಮೀಟರ್ ಆಳಕ್ಕೆ, ಕಾರ್ಬನ್ ಫೈಬರ್ ಗೂಡಿನಲ್ಲಿ, ಯಾವ ಸಂಸ್ಥೆಯ ಪ್ರಮಾಣಪತ್ರವೂ ಇಲ್ಲದೆ. ನಮ್ಮದು 300 ಮೀಟರಿಗೆ ಪ್ರಮಾಣಪತ್ರ ಪಡೆದದ್ದು, ಇಳಿದದ್ದು ನೂರರ ಆಸುಪಾಸು. ನನಗೆ ಹೆದರಿಕೆ ಆಗಲಿಲ್ಲ.

ಮನೆಯಲ್ಲಿ ಅಕ್ಕನಂಥವರಿದ್ದರೆ, ಸಮುದ್ರದ ತಳ ನೋಡುವುದೇ ಅವರ ಆಸೆಯಾಗಿದ್ದರೆ, ಖಂಡಿತ ಕಳಿಸಿ, ಇಬ್ಬರೂ ಹೋಗಬೇಕಿಲ್ಲ. ನನ್ನ ಪಾಲಿನ ಆ ದುಡ್ಡು ಇದ್ದಿದ್ದರೆ ಒಳ್ಳೆಯ ಬೈನಾಕ್ಯುಲರ್, ಒದ್ದೆಯಾಗದ ಕೈಗವಸು ಕೊಂಡು ಇನ್ನೂ ಉಳಿಯುತ್ತಿತ್ತು. ಸಬ್ ಹತ್ತಲೇಬೇಕು ಅಂತಿದ್ದರೆ, ಹಡಗು ಏರಿದ ದಿನವೇ ಎಕ್ಸ್‌ಪೆಡಿಷನ್ ಡೆಸ್ಕಿಗೆ ಹೋಗಿ, ನಿಮ್ಮ ಗುಂಪು ದಡಕ್ಕಿಳಿಯುವ ಹೊತ್ತು ಯಾವುದು ಅಂತ ಮೊದಲು ಕೇಳಿಕೊಳ್ಳಿ, ಆ ಹೊತ್ತಿನ ಸ್ಲಾಟ್ ಕೊಟ್ಟರೆ ಒಪ್ಪಬೇಡಿ. ನೀಕೋದಲ್ಲಿ ನಾವು ಬೆಳಿಗ್ಗೆಯೇ ದಡಕ್ಕೆ ಹೋಗಿ ಬಂದು, ಮಧ್ಯಾಹ್ನ ಸಬ್ ಹತ್ತಿದ್ದೆವು.