ಫಿಲಿಪ್ಪೀನ್ಸ್ ಸಿನಿಮಾ ಎಲ್ಲಿಂದ ಶುರು ಮಾಡಬೇಕು? ಮೂರು ಚಿತ್ರ, ಮೂವರು ಹೆಂಗಸರು

ಫಿಲಿಪ್ಪೀನ್ಸ್‌ನ ಸಿನಿಮಾ ನೋಡಬೇಕು, ಯಾವುದರಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಮೂರು ಹೆಸರು. ಲಿನೋ ಬ್ರೋಕಾ ಅವರ ‘ಇನ್ಸಿಯಾಂಗ್’ (1976), ಬ್ರಿಲ್ಯಾಂತೆ ಮೆಂಡೋಜಾ ಅವರ ‘ಮಾ ರೋಸಾ’ (2016), ಲಾವ್ ಡಿಯಾಜ್ ಅವರ ‘ದ ವುಮನ್ ಹೂ ಲೆಫ್ಟ್’ (2016). ಮೂರರಲ್ಲೂ ಕತೆ ಸುತ್ತುವುದು ಒಬ್ಬ ಹೆಂಗಸಿನ ಸುತ್ತ. ಮೂವರಿಗೂ ಕಾನೂನು ನೆರವಿಗೆ ಬರುವುದಿಲ್ಲ. ದಾವಣಗೆರೆಯ ನಮ್ಮ ಮನೆಯಲ್ಲಿ ಈ ಮೂರನ್ನೂ ಬೇರೆ ಬೇರೆ ಜನರ ಜೊತೆ ಕೂತು ನೋಡಿದ್ದೇನೆ. ಯಾವುದು ಯಾರಿಗೆ ಹಿಡಿಸಿತು ಅನ್ನುವುದರ ಮೇಲೆಯೇ ಈ ಹೋಲಿಕೆ.

ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ಮೊದಲ ಸಲಕ್ಕೆ ‘ಇನ್ಸಿಯಾಂಗ್’. ಆದರೆ ಇಂಗ್ಲಿಷ್ ಸಬ್‌ಟೈಟಲ್ ಓದಲು ಬಾರದವರ ಜೊತೆ ನೋಡುವುದಾದರೆ ನನ್ನ ಆಯ್ಕೆ ಬೇರೆ.

‘ಇನ್ಸಿಯಾಂಗ್’ ನಡೆಯುವುದು ಮನಿಲಾದ ಟೊಂಡೊ ಕೊಳೆಗೇರಿಯಲ್ಲಿ. ಚಿತ್ರ ಶುರುವಾಗುವುದೇ ಹಂದಿ ಕಡಿಯುವ ಕಸಾಯಿಖಾನೆಯಿಂದ, ನೋಡಲು ಆಗದವರು ಆ ಎರಡು ನಿಮಿಷ ಮುಖ ತಿರುಗಿಸಿಕೊಳ್ಳಿ. ಗಂಡ ಬಿಟ್ಟುಹೋದ ತಾಯಿ ತನಗಿಂತ ತುಂಬಾ ಚಿಕ್ಕವನಾದ ದಾದೋ ಎಂಬುವನನ್ನು ಮನೆಗೆ ಕರೆತರುತ್ತಾಳೆ. ಅವನು ಮಗಳು ಇನ್ಸಿಯಾಂಗ್ ಮೇಲೆ ಅತ್ಯಾಚಾರ ಮಾಡುತ್ತಾನೆ. ತಾಯಿ ಅವನ ಮಾತನ್ನೇ ನಂಬುತ್ತಾಳೆ. ಆಮೇಲಿನದು ಮಗಳ ಸೇಡು. ಅದು ಹೇಗೆ ಅಂತ ನಾನು ಹೇಳುವುದಿಲ್ಲ.

ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ ಇರುವ ಈ ಚಿತ್ರದಲ್ಲಿ ಒಂದು ದೃಶ್ಯವೂ ಸುಮ್ನೆ ಬಂದದ್ದಲ್ಲ. ಮಗಳಾಗಿ ಹಿಲ್ಡಾ ಕೊರೊನೆಲ್ ಚೆನ್ನಾಗಿ ಮಾಡಿದ್ದಾರೆ. ಆದರೆ ನನ್ನನ್ನು ಬಿಡದೆ ಕಾಡಿದ್ದು ತಾಯಿಯ ಪಾತ್ರ ಮಾಡಿದ ಮೋನಾ ಲೀಸಾ ಎಂಬ ನಟಿ. ಆಕೆ ಕೆಟ್ಟವಳು ಅಂತ ಬಯ್ಯಲು ಹೋದರೆ ಬಾಯಿ ಬರುವುದಿಲ್ಲ. ಆಕೆಯ ಒಂಟಿತನವೂ ಅಷ್ಟೇ ಕಾಣುತ್ತಿರುತ್ತದೆ. ನಮ್ಮೂರಿನ ಮಂಡಕ್ಕಿ ಭಟ್ಟಿ ಕಡೆ ಬೆಳೆದ ನನ್ನ ಗೆಳೆಯ ಚಿತ್ರದ ನಡುವೆಯೇ ಹೇಳಿದ, “ಯಾರ ಮನೆಯ ಜಗಳ ಯಾರಿಗೂ ಗುಟ್ಟಲ್ಲ ನೋಡು ಇಲ್ಲಿ. ನಮ್ಮ ಓಣಿನೂ ಹಿಂಗೇ ಇತ್ತು.” ಬ್ರೋಕಾ ತೋರಿಸುವುದು ಅದನ್ನೇ. ಹೊಗೆ, ಕೆಸರು, ಒಂದಕ್ಕೊಂದು ಅಂಟಿದ ಮನೆಗಳು. ಹುಡುಗಿಗೆ ಅಳಲು ಕೂಡ ಒಂದು ಮೂಲೆ ಇಲ್ಲ.

ಇದನ್ನು ಮೊದಲು ನೋಡಿ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಫಿಲಿಪ್ಪೀನ್ಸ್‌ನಲ್ಲಿ ಅಧ್ಯಕ್ಷ ಮಾರ್ಕೋಸ್ ಮಿಲಿಟರಿ ಕಾನೂನು ಹೇರಿದ್ದು 1972ರಲ್ಲಿ. ಅದೇ ವರ್ಷ ನಮ್ಮಲ್ಲಿ ಚಿತ್ರದುರ್ಗದ ಕೋಟೆಯಲ್ಲಿ ತೆಗೆದ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಬಂತು. ಪುಟ್ಟಣ್ಣ ಅವರ ಚಿತ್ರಗಳನ್ನು ನೋಡಿ ಬೆಳೆದವರಿಗೆ ಬ್ರೋಕಾ ಹೊರಗಿನವರು ಅನಿಸುವುದಿಲ್ಲ. ಭಾವನೆಯನ್ನು ಮುಚ್ಚಿಡದೆ ಹೊರಗೆ ಹಾಕುವ ರೀತಿ, ಹೆಂಗಸಿನ ಮನಸ್ಸಿನ ಬಿರುಗಾಳಿ, ಇವೆಲ್ಲ ನಮಗೆ ಗೊತ್ತಿರುವುದೇ ಅಲ್ವಾ? ಬ್ರೋಕಾ ಅದನ್ನು ಸರ್ವಾಧಿಕಾರದ ಕಾಲದಲ್ಲಿ, ಬಡವರನ್ನು ತೆರೆಯ ಮೇಲೆ ತೋರಿಸುವುದೇ ಅಪರಾಧ ಅನಿಸುವ ಹೊತ್ತಿನಲ್ಲಿ ಮಾಡಿದರು. 1978ರಲ್ಲಿ ‘ಇನ್ಸಿಯಾಂಗ್’ ಫ್ರಾನ್ಸ್‌ನ ಕಾನ್ ಚಿತ್ರೋತ್ಸವಕ್ಕೆ ಹೋಯಿತು. ಅಲ್ಲಿ ತೋರಿಸಿದ ಮೊದಲ ಫಿಲಿಪ್ಪೀನ್ಸ್ ಚಿತ್ರ ಇದು. ನೋಡುವುದಾದರೆ 2015ರಲ್ಲಿ ಹಳೆಯ ಚಿತ್ರವನ್ನು ಸರಿಪಡಿಸಿ ಹೊಸದಾಗಿಸಿದ ಪ್ರತಿಯನ್ನೇ ಹುಡುಕಿ.

ಬ್ರೋಕಾ ಚಿತ್ರೋದ್ಯಮದ ಒಳಗಿದ್ದುಕೊಂಡೇ ಕೆಲಸ ಮಾಡಿದವರು. ಇವತ್ತು ಸ್ವತಂತ್ರ ಸಿನಿಮಾ ಅಂತ ಕರೆಯುವ ಅಲೆ ಬೆಳೆದದ್ದು ಡಿಜಿಟಲ್ ಕ್ಯಾಮೆರಾ ಬಂದ ಮೇಲೆ. ಅಂಥ ಚಿತ್ರಗಳಿಗಾಗಿಯೇ ಅಲ್ಲಿ ನಡೆಯುವ ಸಿನಿಮಲಯ ಉತ್ಸವ ಶುರುವಾದದ್ದು 2005ರಲ್ಲಿ. ಮೆಂಡೋಜಾ ಅವರ ಮೊದಲ ಚಿತ್ರವೂ ಅದೇ ವರ್ಷದ್ದು.

‘ಮಾ ರೋಸಾ’ ನಮ್ಮ ಬೀದಿಗೆ ಎಲ್ಲಕ್ಕಿಂತ ಹತ್ತಿರದ ಚಿತ್ರ. ರೋಸಾ ಮನಿಲಾದ ಒಂದು ಓಣಿಯಲ್ಲಿ ಪುಟ್ಟ ಕಿರಾಣಿ ಅಂಗಡಿ ಇಟ್ಟವಳು. ಅದರಿಂದ ಹೊಟ್ಟೆ ತುಂಬದೆ ಪಕ್ಕದಲ್ಲಿ ಸ್ವಲ್ಪ ಮಾದಕ ವಸ್ತುವನ್ನೂ ಮಾರುತ್ತಾಳೆ. ಶುರುವಿನಲ್ಲಿ ಅವಳು ಅಂಗಡಿಗೆ ಸಾಮಾನು ತರಲು ಹೋಗುತ್ತಾಳೆ. ಚಿಲ್ಲರೆ ಇಲ್ಲ ಅಂತ ಅಲ್ಲಿಯವರು ಚಾಕ್ಲೇಟ್ ಕೊಡುತ್ತಾರೆ. ನಮ್ಮ ಬೀದಿಯ ಕಿರಾಣಿ ಅಂಗಡಿ ಅಣ್ಣ ನನ್ನ ಪಕ್ಕ ಕೂತಿದ್ದರು. ಆ ದೃಶ್ಯ ಬಂದ ಕೂಡಲೇ ಮುಂದೆ ಬಾಗಿ ಕೂತರು, ಮುಗಿಯುವವರೆಗೆ ಹಿಂದೆ ಒರಗಲಿಲ್ಲ.

ಪೊಲೀಸರು ಗಂಡ ಹೆಂಡತಿ ಇಬ್ಬರನ್ನೂ ಎತ್ತಿಕೊಂಡು ಹೋಗುತ್ತಾರೆ. ಕೇಸು ಬೇಡ ಅಂದರೆ ದುಡ್ಡು ತನ್ನಿ ಅನ್ನುತ್ತಾರೆ. ಮಕ್ಕಳು ದುಡ್ಡು ಹೊಂದಿಸಲು ಹೊರಡುತ್ತಾರೆ. ಮಗಳು ನೆಂಟರ ಮನೆಗೆ ಹೋಗಿ ಬಯ್ಸಿಕೊಳ್ಳುತ್ತಾಳೆ. ಒಬ್ಬ ಮಗ ಮನೆಯ ಟಿವಿ ಮಾರಲು ಹೋಗುತ್ತಾನೆ. ಇನ್ನೊಬ್ಬ ತನ್ನ ಮೈಯನ್ನೇ ಮಾರಿಕೊಳ್ಳುತ್ತಾನೆ. ಕ್ಯಾಮೆರಾ ಅವರ ಹಿಂದೆಯೇ ಮಳೆಯಲ್ಲಿ ಓಡುತ್ತದೆ. ರೋಸಾ ಆಗಿ ನಟಿಸಿದ ಜ್ಯಾಕ್ಲಿನ್ ಹೋಸೆ ಅವರಿಗೆ ಕಾನ್‌ನಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಕೊನೆಯ ದೃಶ್ಯದ ಆ ಮುಖ ಒಂದಕ್ಕೇ ಆ ಪ್ರಶಸ್ತಿ ಸಲ್ಲಬೇಕು. 2024ರಲ್ಲಿ ಅವರು ತೀರಿಕೊಂಡಾಗ ನಾನು ಆ ಭಾಗವನ್ನು ಮತ್ತೆ ಹಾಕಿ ನೋಡಿದೆ.

ತೊಂದರೆ ಏನೆಂದರೆ, ಇದು ಫೋನಿನಲ್ಲಿ ನೋಡುವ ಚಿತ್ರ ಅಲ್ಲ. ಕತ್ತಲು ಜಾಸ್ತಿ, ಕ್ಯಾಮೆರಾ ಅಲುಗಾಡುತ್ತದೆ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು. ನನಗೆ ಚಿಕ್ಕ ತೆರೆಯಲ್ಲಿ ತಲೆ ಸುತ್ತಿತು. ದೊಡ್ಡ ಟಿವಿಗೆ ಹಾಕಿ ಸದ್ದು ಏರಿಸಿದಾಗ ಅದೇ ಗಲಾಟೆ ಓಣಿಯಾಗಿ ಬದಲಾಯಿತು. ‘ಇನ್ಸಿಯಾಂಗ್’ಗೆ ಈ ಕಷ್ಟ ಇಲ್ಲ, ಲ್ಯಾಪ್‌ಟಾಪ್ ಸಾಕು.

ಇನ್ನು ಡಿಯಾಜ್. ‘ದ ವುಮನ್ ಹೂ ಲೆಫ್ಟ್’ ಮೂರೂಮುಕ್ಕಾಲು ಗಂಟೆಯ ಕಪ್ಪು ಬಿಳುಪು ಚಿತ್ರ. ಕ್ಯಾಮೆರಾ ಒಂದು ಕಡೆ ನಿಂತರೆ ಅಲ್ಲಾಡುವುದೇ ಅಪರೂಪ. ಉದ್ದ ಕೇಳಿಯೇ ಜನ ಹಿಂದೆ ಸರಿಯುತ್ತಾರೆ. ಡಿಯಾಜ್ ಅವರ ಲೆಕ್ಕದಲ್ಲಿ ಇದು ಚಿಕ್ಕದು, 2014ರಲ್ಲಿ ಲೊಕಾರ್ನೊ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೋಲ್ಡನ್ ಲೆಪರ್ಡ್ ಗೆದ್ದ ಅವರ ಚಿತ್ರ ಐದೂವರೆ ಗಂಟೆ ದಾಟುತ್ತದೆ. ‘ದ ವುಮನ್ ಹೂ ಲೆಫ್ಟ್’ಗೆ ಸಿಕ್ಕಿದ್ದು ವೆನಿಸ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೋಲ್ಡನ್ ಲಯನ್.

ಹೊರಾಸಿಯಾ ಮಾಡದ ಕೊಲೆಗೆ ಮೂವತ್ತು ವರ್ಷ ಜೈಲಿನಲ್ಲಿದ್ದು 1997ರಲ್ಲಿ ಬಿಡುಗಡೆ ಆಗುತ್ತಾಳೆ. ಹಿಂದೆ ಅವಳನ್ನು ಪ್ರೀತಿಸಿದ್ದ ಶ್ರೀಮಂತನೇ ಸಿಕ್ಕಿಸಿರುತ್ತಾನೆ. ಅವನನ್ನು ಹುಡುಕಿಕೊಂಡು ಹೋಗುತ್ತಾಳೆ. ಟಾಲ್‌ಸ್ಟಾಯ್ ಅವರ ಒಂದು ಸಣ್ಣ ಕತೆಯಿಂದ ಹುಟ್ಟಿದ ಚಿತ್ರ ಇದು. ಅವಳು ಸೇಡಿಗಾಗಿ ಕಾಯುತ್ತಾ ರಾತ್ರಿ ಬೀದಿಯಲ್ಲಿ ನಿಲ್ಲುತ್ತಾಳೆ. ಅಲ್ಲಿ ಬಾತುಕೋಳಿ ಮೊಟ್ಟೆ ಮಾರುವ ಗೂನುಬೆನ್ನಿನವನೊಬ್ಬ, ಮನೆಯಿಲ್ಲದ ಹೆಂಗಸೊಬ್ಬಳು, ಹೊಲಾಂಡಾ ಎಂಬ ತೃತೀಯ ಲಿಂಗಿ, ಹೀಗೆ ಯಾರಿಗೂ ಬೇಡವಾದವರು ಸಿಗುತ್ತಾರೆ. ಅವರನ್ನೆಲ್ಲ ಅವಳು ತಾಯಿಯ ಹಾಗೆ ನೋಡಿಕೊಳ್ಳುತ್ತಾಳೆ. ಒಂದು ಕೈಯಲ್ಲಿ ಆರೈಕೆ, ಇನ್ನೊಂದರಲ್ಲಿ ಸೇಡು. ಚಾರೊ ಸಾಂತೋಸ್ ಅವರ ನಟನೆಯಲ್ಲಿ ಎರಡೂ ನಿಜ.

ನಮ್ಮ ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ. ಸಬ್‌ಟೈಟಲ್ ಓದಿ ನಾನೇ ಕನ್ನಡದಲ್ಲಿ ಹೇಳಬೇಕು. ‘ಮಾ ರೋಸಾ’ದಲ್ಲಿ ಅದು ಸಾಧ್ಯವೇ ಆಗಲಿಲ್ಲ, ಒಂದು ಸಾಲು ಹೇಳುವಷ್ಟರಲ್ಲಿ ನಾಲ್ಕು ಸಾಲು ಹೋಗಿರುತ್ತಿದ್ದವು. ‘ಇನ್ಸಿಯಾಂಗ್’ನಲ್ಲಿ ಅರ್ಧ ಹೇಳಿದೆ, ಉಳಿದದ್ದು ಅವ್ವ ಮುಖ ನೋಡಿ ತಿಳಿದುಕೊಂಡಳು. ಡಿಯಾಜ್ ಚಿತ್ರದಲ್ಲಿ ಮಾತ್ರ ಎಲ್ಲವನ್ನೂ ಹೇಳಲು ಸಮಯ ಸಿಕ್ಕಿತು. ಹೇಳಿ ಮುಗಿದ ಮೇಲೂ ನೋಡಲು ಉಳಿದಿತ್ತು. ಮಧ್ಯೆ ಊಟಕ್ಕೆ ಎದ್ದೆವು, ಊಟ ಮಾಡುತ್ತಾ ಅವ್ವ ಕೇಳಿದ್ದು ಒಂದೇ, “ಆಕಿ ಅವನನ್ನ ಕೊಲ್ಲಬೇಕಾ, ಬಿಡಬೇಕಾ?” ರಾತ್ರಿಯಿಡೀ ಬಯಲಾಟ ನೋಡಿ ಬೆಳೆದವಳಿಗೆ ಉದ್ದ ಒಂದು ಭಾರ ಅನಿಸಲೇ ಇಲ್ಲ. ಅದಕ್ಕೇ ಹೇಳಿದ್ದು, ಮನೆಯ ಹಿರಿಯರ ಜೊತೆ ಕೂರುವುದಾದರೆ ಭಯಪಡದೆ ಡಿಯಾಜ್ ಹಾಕಿ. ‘ತಿಥಿ’ ಚಿತ್ರದ ನಿಧಾನ ಇಷ್ಟವಾದವರೂ ಇಲ್ಲಿಂದಲೇ ಶುರು ಮಾಡಬಹುದು.

ಮೂರರಲ್ಲಿ ಒಂದನ್ನೇ ಇಟ್ಟುಕೋ ಅಂದರೆ ನಾನು ಇಟ್ಟುಕೊಳ್ಳುವುದೂ ಹೊರಾಸಿಯಾಳನ್ನೇ. ಆದರೂ ಒಬ್ಬರೇ ಕೂತು ಮೊದಲ ಸಲ ನೋಡುವವರಿಗೆ ‘ಇನ್ಸಿಯಾಂಗ್’ ಅನ್ನುವ ಮಾತು ಬದಲಿಸುವುದಿಲ್ಲ.

ಮೂರೂ ಮುಗಿದ ಮೇಲೆ ಮೈಕ್ ಡಿ ಲಿಯೋನ್ ಅವರ ‘ಕಿಸಾಪ್ಮಾತಾ’ (1981) ನೋಡಿ. ಅಪ್ಪನೊಬ್ಬ ಮನೆಯನ್ನೇ ಜೈಲು ಮಾಡುವ ಚಿತ್ರ. ಚಾರೊ ಸಾಂತೋಸ್ ಅಲ್ಲಿ ಮಗಳು. ಮೆಂಡೋಜಾ ಅವರಿಗೆ ಕಾನ್‌ನಲ್ಲಿ ನಿರ್ದೇಶಕ ಪ್ರಶಸ್ತಿ ತಂದ ‘ಕಿನಾತಾಯ್’ (2009) ಮಾತ್ರ ಕಡೆಗಿರಲಿ, ಅದರ ಹಿಂಸೆ ತಡೆಯುವುದು ಕಷ್ಟ. ಇಷ್ಟೆಲ್ಲ ನೋವು ಬೇಡ ಅನ್ನುವವರಿಗೆ ಮಾರ್ತಿಕಾ ರಮಿರೆಜ್ ಎಸ್ಕೋಬಾರ್ ಅವರ ‘ಲಿಯೊನೋರ್ ವಿಲ್ ನೆವರ್ ಡೈ’ (2022) ಇದೆ. ತಲೆಯ ಮೇಲೆ ಟಿವಿ ಬಿದ್ದು, ತಾನೇ ಬರೆದು ಅರ್ಧಕ್ಕೆ ಬಿಟ್ಟ ಹೊಡೆದಾಟದ ಸಿನಿಮಾದೊಳಗೆ ಸೇರಿಬಿಡುವ ಅಜ್ಜಿಯ ಕತೆ. ಚಿತ್ರದುರ್ಗದ ಚಿಕ್ಕಮ್ಮ ಬಂದಾಗ ಇದನ್ನು ಹಾಕಿದ್ದೆ. ಮುಗಿದ ಮೇಲೆ ಆಕೆ ಇನ್ನೊಮ್ಮೆ ಹಾಕು ಅಂದರು.