ನಲವತ್ತು ಮಕ್ಕಳ ತರಗತಿಗೆ ಆಯಿಲ್ ಪೇಸ್ಟಲ್: ಯಾವ ಪೆಟ್ಟಿಗೆ, ಎಂಥ ಹಾಳೆ, ಎಲ್ಲಿ ಕೆಡುತ್ತದೆ

ಶಾಲೆಗೆ ಬಣ್ಣ ಕೊಳ್ಳುವಾಗ ಕಣ್ಣು ಮೊದಲು ಹೋಗುವುದು ಬೆಲೆಯ ಮೇಲೆ, ಆಮೇಲೆ ಪೆಟ್ಟಿಗೆಯಲ್ಲಿ ಎಷ್ಟು ಬಣ್ಣ ಇವೆ ಎಂಬುದರ ಮೇಲೆ. ನಿಜಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಆರು ವರ್ಷದ ಮಗು 40 ನಿಮಿಷದ ಪೀರಿಯಡ್‌ನಲ್ಲಿ ತನ್ನ ಚಿತ್ರವನ್ನು ತಾನೇ ಮುಗಿಸಬಲ್ಲದೇ? ಹೀಗೆ ನೋಡಿದರೆ ಒಂದರಿಂದ ಐದನೇ ತರಗತಿಗೆ ಆಯಿಲ್ ಪೇಸ್ಟಲ್‌ಗೆ, ಅಂದರೆ ಎಣ್ಣೆ, ಮೇಣ ಬೆರೆಸಿ ಮಾಡಿದ ಮೆತ್ತನೆಯ ಬಣ್ಣದ ಕಡ್ಡಿಗೆ, ಸಾಟಿಯಿಲ್ಲ. ವಾಟರ್ ಕಲರ್ ಆದರೆ ನೀರು ತುಂಬುವುದು, ಬ್ರಶ್ ತೊಳೆಯುವುದು, ಒಣಗಲು ಕಾಯುವುದರಲ್ಲೇ ಅರ್ಧ ಹೊತ್ತು ಕಳೆಯುತ್ತದೆ. ಸ್ಕೆಚ್ ಪೆನ್ ಗೆರೆಗೆ ಸರಿ, ಬಣ್ಣ ತುಂಬಲು ಅಲ್ಲ. ಮೇಣದ ಕ್ರೆಯಾನ್ ಅಗ್ಗ, ಗಟ್ಟಿ. ಆದರೆ ಪುಟ್ಟ ಕೈ ಎಷ್ಟು ಒತ್ತಿದರೂ ಬಣ್ಣ ಪೇಲವವಾಗೇ ಉಳಿಯುತ್ತದೆ.

ಈ ಬಣ್ಣ ಹುಟ್ಟಿದ್ದೇ ಶಾಲೆಗಾಗಿ. ಜಪಾನಿನ ಮಕ್ಕಳು ಮಾದರಿ ಚಿತ್ರ ನೋಡಿ ನಕಲು ಮಾಡುತ್ತಿದ್ದ ಕಾಲದಲ್ಲಿ, ಕನಾಯೆ ಯಮಾಮೊಟೊ ಎಂಬ ಕಲಾವಿದ ‘ಮಕ್ಕಳು ಕಂಡದ್ದನ್ನು ತಾವೇ ಬಿಡಿಸಲಿ’ ಎಂದು 1919ರ ಹೊತ್ತಿಗೆ ಚಳವಳಿ ಶುರುಮಾಡಿದರು. ಅದರ ಪ್ರಭಾವದಲ್ಲಿ ಸಕುರಾ ಕಂಪನಿ 1925ರಲ್ಲಿ ಕ್ರೇ-ಪಾಸ್ ಎಂಬ ಆಯಿಲ್ ಪೇಸ್ಟಲ್ ತಂದಿತು: ಕ್ರೆಯಾನಿನ ಹಾಗೆ ಹಿಡಿಯಲು ಸುಲಭ, ಎಣ್ಣೆಯಿಲ್ಲದ ಒಣ ಪೇಸ್ಟಲಿನ ಹಾಗೆ ಗಾಢ. ಆರಂಭದಲ್ಲಿ ಬೇಸಿಗೆಗೊಂದು, ಚಳಿಗಾಲಕ್ಕೊಂದು ಬಗೆ ಮಾಡಬೇಕಾಗಿತ್ತು, ಏಕೆಂದರೆ ಅದರೊಳಗಿನ ಎಣ್ಣೆ ಸೆಕೆಗೆ ಮೆತ್ತಗಾಗುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಇಂದಿಗೂ ಅದೇ ಪಾಡು. ಕಿಟಕಿ ಪಕ್ಕದ ಕಬ್ಬಿಣದ ಬೀರುವಿನಲ್ಲಿ ಇಡಬೇಡಿ. ನೆಲದ ಹತ್ತಿರ, ಗೋಡೆಯ ನೆರಳಿನಲ್ಲಿಡಿ.

ಅಂಗಡಿಯಲ್ಲಿ 12, 25, 50 ಬಣ್ಣಗಳ ಪೆಟ್ಟಿಗೆ ಸಿಗುತ್ತವೆ. ಕೊಳ್ಳಬೇಕಾದ್ದು 25ರದ್ದು, ನಾಲ್ಕು ಮಕ್ಕಳಿಗೆ ಒಂದು. ಅಂದರೆ 40 ಮಕ್ಕಳಿಗೆ ಹತ್ತು ಪೆಟ್ಟಿಗೆ ಸಾಕು. ನಲಿ ಕಲಿ ತರಗತಿಯಲ್ಲಿ ಮಕ್ಕಳು ಹೇಗೂ ಗುಂಪಾಗಿ ಕೂರುವುದರಿಂದ ಇದು ಚೆನ್ನಾಗಿ ಹೊಂದುತ್ತದೆ. 50ರ ಪೆಟ್ಟಿಗೆಯಲ್ಲಿ ಹತ್ತು ಬಗೆಯ ಹಸಿರು ಸಿದ್ಧವಾಗಿದ್ದರೆ, ಹಳದಿಯ ಮೇಲೆ ನೀಲಿ ತಿಕ್ಕಿ ಹಸಿರು ಹುಟ್ಟಿಸುವ ಗೋಜಿಗೆ ಮಗು ಹೋಗುವುದೇ ಇಲ್ಲ. ಆ ಹಸಿರು ತನ್ನ ಕೈಯಲ್ಲಿ ಹುಟ್ಟುವುದನ್ನು ನೋಡುವ ಗಳಿಗೆಯನ್ನು ಮಗುವಿನಿಂದ ಕಿತ್ತುಕೊಳ್ಳಬಾರದು. ಮೊದಲು ಖಾಲಿಯಾಗುವವು ಬಿಳಿ, ಹಳದಿ, ಕಪ್ಪು. ಬಿಡಿಯಾಗಿ ಸಿಕ್ಕರೆ ಈ ಮೂರನ್ನು ಹೆಚ್ಚಿಗೆ ತಂದಿಡಿ. ಪೆಟ್ಟಿಗೆಯ ಮೇಲೆ ವಿಷರಹಿತ ಎಂದಿದೆಯೇ ನೋಡಿ. ಇಎನ್ 71 ಎಂಬುದು ಯುರೋಪಿನ ಆಟಿಕೆ ಸುರಕ್ಷತೆಯ ಮಾನದಂಡ, ಅದೂ ಇದ್ದರೆ ಒಳ್ಳೆಯದು.

ಕಡ್ಡಿ ಮುರಿಯುತ್ತದೆ ಎಂಬ ದೂರು ಎಲ್ಲ ಕಡೆ ಕೇಳಿಬರುತ್ತದೆ. ಮುರಿಯಲಿ ಬಿಡಿ. ಒಂದಿಂಚಿನ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲಾಗದು. ಹೆಬ್ಬೆರಳು, ತೋರುಬೆರಳು, ನಡುಬೆರಳು ತಾವಾಗಿ ಮುಂದೆ ಬರುತ್ತವೆ. ಪೆನ್ಸಿಲ್ ಹಿಡಿಯಲು ಬೇಕಾದ್ದೂ ಅದೇ ಹಿಡಿತ. ಕಾಗದದ ಸುತ್ತು ಮಾತ್ರ ಪೂರ್ತಿ ಕಿತ್ತುಹಾಕದಂತೆ ನೋಡಿಕೊಳ್ಳಿ, ಇಲ್ಲವಾದರೆ ಸಮವಸ್ತ್ರಕ್ಕೆ ಬಣ್ಣ ಬಳಿದಂತೆಯೇ.

ಹಣ ಉಳಿಸಬಾರದ ಜಾಗ ಹಾಳೆ. ತೆಳುವಾದ ಡ್ರಾಯಿಂಗ್ ಪುಸ್ತಕದಲ್ಲಿ ಎಣ್ಣೆ ಹಿಂಬದಿಗೆ ಇಳಿದು ಕಲೆಯಾಗುತ್ತದೆ. ನುಣುಪಾದ ಹಾಳೆಯಲ್ಲಿ ಎರಡನೇ ಪದರ ಜಾರುತ್ತದೆ. ಸ್ವಲ್ಪ ತರಿಯಿರುವ 130ರಿಂದ 150 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂಗಳಲ್ಲಿ) ಕಾರ್ಟ್ರಿಜ್ ಹಾಳೆ, ಅಂದರೆ ಚಿತ್ರ ಬಿಡಿಸುವ ದಪ್ಪ ಹಾಳೆ ಬೇಕು. ಒಂದು, ಎರಡನೇ ತರಗತಿಗೆ ಎ4 ಹಾಳೆಯ ಅರ್ಧ ಸಾಕು. ಇಡೀ ಎ4 ತುಂಬುವಷ್ಟರಲ್ಲಿ ಕೈ ಸೋತು, ಕೆಳಗಿನ ಅರ್ಧ ಬರೀ ಗೀಚಾಗುತ್ತದೆ.

ಗೆರೆಯನ್ನು ಪೆನ್ಸಿಲ್‌ನಲ್ಲಿ ಹಾಕಿಸಬೇಡಿ. ಪೆನ್ಸಿಲ್ ಪುಡಿ ಹಳದಿಗೆ ಬೆರೆತು ಕೊಳಕಾಗುತ್ತದೆ. ತಿಳಿ ಬಣ್ಣದ ಪೇಸ್ಟಲ್‌ನಲ್ಲೇ ಶುರುವಾಗಲಿ. ಮೊದಲು ತಿಳಿ, ಆಮೇಲೆ ಗಾಢ. ಕಡ್ಡಿಯ ತುದಿಗೆ ಬೇರೆ ಬಣ್ಣ ಅಂಟಿದರೆ ಹಳೇ ಹತ್ತಿ ಬಟ್ಟೆಗೆ ಒರೆಸಿದರಾಯಿತು. ರಬ್ಬರ್ ಹಾಕಿದರೆ ಮೆತ್ತಿಕೊಳ್ಳುವುದೇ ಹೊರತು ಅಳಿಸುವುದಿಲ್ಲ. ತಪ್ಪಾದ ಜಾಗವನ್ನು ಸ್ಕೇಲಿನ ಅಂಚಿನಿಂದ ಹೆರೆದು ಮೇಲೆ ಬೇರೆ ಬಣ್ಣ ಕೂರಿಸಬಹುದು. ತಪ್ಪನ್ನೇ ಇನ್ನೊಂದಾಗಿಸುವ ಧೈರ್ಯ ಹುಟ್ಟುವುದು ಇಲ್ಲೇ.

ಹೆರೆಯುವ ಚಿತ್ರವಂತೂ ಮಾಡಿಸಲೇಬೇಕು. ಪೋಸ್ಟ್‌ಕಾರ್ಡ್ ಅಳತೆಯ ಹಾಳೆಯಲ್ಲಿ ಹಳದಿ, ಕಿತ್ತಳೆ, ಗುಲಾಬಿ ಪಟ್ಟೆಗಳನ್ನು ಬಿಳಿ ಕಾಣದಷ್ಟು ಒತ್ತಿ ತುಂಬಿ, ಮೇಲೆ ಕಪ್ಪು ಬಳಿದು, ತೆಂಗಿನ ಪೊರಕೆಯ ಕಡ್ಡಿಯಿಂದ ಗೀರುವುದು. ಕತ್ತಲಿನಿಂದ ಬೆಳಕಿನ ರಂಗೋಲಿ ಎದ್ದುಬರುತ್ತದೆ. ಕೆಳಪದರ ತೆಳುವಾಗಿದ್ದರೆ ಗೀರಿದಾಗ ಬಿಳಿ ಹಾಳೆ ಕಾಣುತ್ತದೆ. ಅತಿ ದಪ್ಪವಾಗಿದ್ದರೆ ಕಪ್ಪು ಕಡ್ಡಿ ಜಾರುತ್ತದೆ. ಆಗ ಕಪ್ಪು ಪೋಸ್ಟರ್ ಕಲರ್‌ಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ ಬಳಿಯಿರಿ, ಎಣ್ಣೆಯ ಮೇಲೂ ನಿಲ್ಲುತ್ತದೆ. ಒಣಗಲು ಬೇಕಾದ ಹೊತ್ತಿನಿಂದಾಗಿ ಇದಕ್ಕೆ ಎರಡು ಪೀರಿಯಡ್ ಇಟ್ಟುಕೊಳ್ಳಿ.

ಕೊರತೆಗಳೂ ಇವೆ. ಕಣ್ಣು, ಬೆರಳಿನಂಥ ಸಣ್ಣ ವಿವರ ಬರುವುದಿಲ್ಲ. ಆಯಿಲ್ ಪೇಸ್ಟಲ್ ಎಂದೂ ಪೂರ್ತಿ ಒಣಗುವುದಿಲ್ಲ, ಹಾಗಾಗಿ ಚಿತ್ರಗಳ ನಡುವೆ ಬೆಣ್ಣೆಕಾಗದ ಇಟ್ಟು ಜೋಡಿಸಬೇಕು. ಬಿಸಿ ಲ್ಯಾಮಿನೇಷನ್‌ಗೆ ಕೊಟ್ಟರೆ ಬಣ್ಣ ಕರಗಿ ಹರಡಿಬಿಡುತ್ತದೆ. ಕೈಗೆ ಅಂಟಿದ್ದನ್ನು ಮೊದಲು ಒಣಬಟ್ಟೆಯಲ್ಲಿ ಒರೆಸಿ ಆಮೇಲೆ ಸೋಪು ಹಚ್ಚಿಸಿ. ಬೆಂಚಿನ ಮೇಲಿನದ್ದು ಎರಡು ಹನಿ ಕೊಬ್ಬರಿ ಎಣ್ಣೆಗೆ ಬಿಡುತ್ತದೆ.

ಇಷ್ಟೆಲ್ಲ ತಂದುಕೊಟ್ಟೂ ಬೋರ್ಡಿನ ಮೇಲೆ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ ಬಿಡಿಸಿ ‘ಇದನ್ನೇ ಬರೆಯಿರಿ’ ಎಂದರೆ ದುಡ್ಡು ದಂಡ. ‘ನಿಮ್ಮನೆ ಅಡುಗೆಮನೆಯಲ್ಲಿ ಬೆಳಿಗ್ಗೆ ಯಾರ್‍ಯಾರು ಏನೇನು ಮಾಡ್ತಿರ್ತಾರೆ?’ ಎಂದು ಕೇಳಿ ನೋಡಿ. ಆರೇಳು ವರ್ಷದವರು ಆಕಾಶವನ್ನು ಮೇಲ್ಗಡೆ ಒಂದು ಪಟ್ಟಿಯಾಗಿ, ಅಮ್ಮನನ್ನು ಬಾಗಿಲಿಗಿಂತ ಎತ್ತರವಾಗಿ ಬಿಡಿಸುತ್ತಾರೆ. ಅದು ಆ ವಯಸ್ಸಿನ ನೋಟ, ತಿದ್ದಬೇಡಿ. ಹಾಳೆಯ ಹಿಂದೆ ತಾರೀಖು ಹಾಕಿ, ಮಗು ಹೇಳಿದ ಒಂದು ಸಾಲನ್ನು ಅದರದೇ ಮಾತಿನಲ್ಲಿ ಬರೆದಿಡಿ. ಜೂನ್‌ನ ಹಾಳೆಯನ್ನೂ ಫೆಬ್ರವರಿಯ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ಪೋಷಕರ ಸಭೆಯಲ್ಲಿ ತೋರಿಸಿ, ಅಂಕ ಹಾಕದೆ.