ನದಿ ದಡದ ಕಾಡುಮನೆ: ಕಂಬದ ಮೇಲೋ, ಕಲ್ಲಿನ ಪಂಚಾಂಗದ ಮೇಲೋ?

ನೆರೆ ನೀರು ಅಂಗಳಕ್ಕೆ ಬರುವ ಜಾಗವಾದರೆ ಕಂಬದ ಮನೆಯೇ ಸರಿ. ನೀರು ಅಡಿಯಿಂದ ಹರಿದು ಹೋಗುತ್ತದೆ. ಮರದ ಬೇರುಗಳನ್ನು ಜಾಸ್ತಿ ಕಡಿಯಬೇಕಿಲ್ಲ. ಆದರೆ ರಭಸದ ನೀರು ಕಂಬದ ಬುಡದ ಸುತ್ತ ಸುಳಿಯಾಗಿ ತಿರುಗಿ ಮಣ್ಣು ಕೊರೆಯುತ್ತದೆ. ಅಡಿಪಾಯ ಆ ಕೊರೆತಕ್ಕಿಂತ ಆಳಕ್ಕೆ ಇಳಿಯಲೇಬೇಕು. ಇದರಲ್ಲಿ ಮಾತ್ರ ದುಡ್ಡು ಉಳಿಸಬೇಡಿ.

ದಡ ಎತ್ತರವಿದ್ದು ನೀರು ಬಾರದಿದ್ದರೆ ನನ್ನ ಒಲವು ಕಲ್ಲಿನ ಪಂಚಾಂಗದ, ಅಂದರೆ ನೆಲದಿಂದ ಎತ್ತರಿಸಿ ಕಟ್ಟಿದ ಕಲ್ಲಿನ ಬುನಾದಿಯ ಕಡೆಗೆ. ಹಳೆ ಮನೆಗಳ ಜಗಲಿ ಇಲ್ಲಿ ಸಹಜವಾಗಿ ಒಗ್ಗುತ್ತದೆ. ತೇವ ಏರದಂತೆ ಗೋಡೆಯ ಬುಡದಲ್ಲಿ ತಡೆ ಪದರ ಹಾಕಿಸಿ. ಗೆದ್ದಲಿನ ಕಾಟ ಇಲ್ಲಿ ಜಾಸ್ತಿ.

ಎರಡರಲ್ಲಿ ಯಾವುದಾದರೂ, ಹೊಸ ಮನೆಗೆ ಹಳೆ ಕೆತ್ತನೆ ಸುಮ್ನೆ ಅಂಟಿಸಿದರೆ ಪರಂಪರೆ ಬರಲ್ಲ, ಅಲ್ವಾ? ಸುತ್ತಲಿನ ಹಳೆ ಮನೆಗಳ ಮಾಡಿನ (ಚಾವಣಿಯ) ಇಳಿಜಾರು, ಸೂರಿನ ಚಾಚು ಅಳೆದು ನೋಡಿ. ಹೊಸ ಮನೆಯ ಗಾಜಿನ ಗೋಡೆಗೂ ಆ ಚಾಚೇ ಮಳೆಯಿಂದ ರಕ್ಷಣೆ.